ತಕ್ಕಡಿ ಸರಿ, ಚೀಟಿ ತಪ್ಪು: ಕಾಫಿ ಖರೀದಿ ಕೇಂದ್ರವೊಂದರ ಕಂಪ್ಯೂಟರ್ ಪ್ರಕರಣ

ಹಿನ್ನೆಲೆ

ಈ ಪ್ರಕರಣ ದಕ್ಷಿಣ ಕೊಡಗಿನ ಒಂದು ಕಾಫಿ ಖರೀದಿ ಕೇಂದ್ರಕ್ಕೆ ಸಂಬಂಧಿಸಿದ್ದು. ಕೇಂದ್ರದ ಹೆಸರು, ಊರು, ಅಲ್ಲಿ ದುಡಿಯುವವರ ವಿವರ, ತೂಕದ ತಂತ್ರಾಂಶ ಮತ್ತು ಉಪಕರಣಗಳ ತಯಾರಕರ ಹೆಸರು ಇವನ್ನೆಲ್ಲ ಬಿಟ್ಟಿದ್ದೇನೆ. ಘಟನೆಗಳ ಕ್ರಮವನ್ನು ಮತ್ತು ಯಾವ ಹಂತದಲ್ಲಿ ಯಾವ ತೀರ್ಮಾನ ಆಯಿತು ಎಂಬುದನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ರೊಬಸ್ಟಾ ಕೊಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗಿದ ಮೇಲೆ, ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಇಂಥ ಕೇಂದ್ರಗಳಿಗೆ ಬಿಡುವಿರುವುದಿಲ್ಲ. ಬೆಳೆಗಾರರು ಪಿಕಪ್‌ಗಳಲ್ಲಿ ಚೆರಿ (ಸಿಪ್ಪೆಸಹಿತ ಒಣಗಿದ ಹಣ್ಣು) ಮೂಟೆ ತರುತ್ತಾರೆ, ಒಂದೊಂದೇ ಚೀಲ ತಕ್ಕಡಿಯ ಹಲಗೆಯ ಮೇಲೆ ಏರುತ್ತದೆ, ಗುಮಾಸ್ತರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾರೆ, ತೂಕ ತಾನಾಗಿ ದಾಖಲಾಗಿ ಕೊನೆಯಲ್ಲಿ ಚೀಟಿ ಮುದ್ರಣವಾಗುತ್ತದೆ. ಚೆರಿಯ ದರ 50 ಕೆ.ಜಿ. ಚೀಲದ ಲೆಕ್ಕದಲ್ಲಿ ನಿಗದಿಯಾಗುವುದರಿಂದ ಚೀಟಿಯ ಮೇಲಿನ ಒಂದೊಂದು ಕಿಲೋವೂ ಹಣವೇ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇತ್ತು, ಮತ್ತು ಅದರ ಕೆಂಪು ಅಂಕಿಗಳ ಫಲಕ ಬೆಳೆಗಾರರಿಗೂ ಕಾಣುವಂತೆ ತಿರುಗಿತ್ತು. ಆ ಮುದ್ರೆಯ ಖಾತರಿ ಇರುವುದು ತಕ್ಕಡಿಗೆ. ತಕ್ಕಡಿಯಿಂದ ಚೀಟಿಯವರೆಗಿನ ದಾರಿಯಲ್ಲಿ ಅಂಕಿ ಹೇಗೆ ಸಾಗುತ್ತದೆ ಎಂಬುದನ್ನು ಅಲ್ಲಿ ಯಾರೂ ಪರೀಕ್ಷಿಸಿರಲಿಲ್ಲ.

ಹಿಂದೆ ಆ ದಾರಿ ನೇರವಾಗಿತ್ತು. ಹಳೆಯ ಕಂಪ್ಯೂಟರಿನ ಬೆನ್ನಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು. ಆರ್‌ಎಸ್-232 ಕೇಬಲ್ ತಕ್ಕಡಿಯಿಂದ ಹೊರಟು ಅಲ್ಲಿಗೆ ಸೇರುತ್ತಿತ್ತು. ಆ ಪೋರ್ಟಿನ ಹೆಸರು ಕಾಮ್ 1, ಅದರ ಐಆರ್‌ಕ್ಯೂ (ಸಾಧನ ಪ್ರೊಸೆಸರಿನ ಗಮನ ಸೆಳೆಯುವ ತಂತುವಿನ ಸಂಖ್ಯೆ) 4, ವರ್ಷಗಟ್ಟಲೆ ಅದು ಬದಲಾಗುತ್ತಿರಲಿಲ್ಲ. ಹೊಸದಾಗಿ ಕೊಂಡ ವಿಂಡೋಸ್ 10 ಕಂಪ್ಯೂಟರಿನಲ್ಲಿ ಆ ಪೋರ್ಟ್ ಇರಲಿಲ್ಲ. ಅದಕ್ಕಾಗಿ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ, ಬೆರಳುದ್ದದ ಒಂದು ಕನ್ವರ್ಟರ್ ಬಂತು. ಈಗ ಪೋರ್ಟಿನ ಹೆಸರು ಕಾಮ್ 3. ಯುಪಿಎಸ್ ಕೂಡ ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಣೆಯಾಗಿತ್ತು, ಏಕೆಂದರೆ ಕರೆಂಟು ಹೋಗಿ ಬ್ಯಾಟರಿ ಇಳಿಯುತ್ತ ಬಂದಾಗ ಯಂತ್ರ ತಾನಾಗಿ ಹೈಬರ್ನೇಟ್ ಆಗಬೇಕಿತ್ತು, ಅಂದರೆ ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಆರಬೇಕಿತ್ತು.

ಮೊದಲ ದೂರು

ಮೊದಲ ಕೆಲವು ವಾರ ದೂರಿದ್ದುದು ಕೇವಲ ಕಿರಿಕಿರಿಯ ಬಗ್ಗೆ. ಕೆಲವು ದಿನ ಬೆಳಿಗ್ಗೆ ಕಂಪ್ಯೂಟರಿಗೆ ತಕ್ಕಡಿಯೇ ಸಿಗುತ್ತಿರಲಿಲ್ಲ. ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಕನ್ವರ್ಟರಿನ ಹೆಸರಿನ ಮೇಲೆ ಹಳದಿ ತ್ರಿಕೋನ, ಒಳಗೆ ಕೋಡ್ 10, ಅಂದರೆ ಸಾಧನ ಆರಂಭವಾಗುತ್ತಿಲ್ಲ ಎಂಬ ಸೂಚನೆ. ಗುಮಾಸ್ತರು ಕನ್ವರ್ಟರನ್ನು ಕಿತ್ತು ಬೇರೆ ಕಿಂಡಿಗೆ ಚುಚ್ಚುತ್ತಿದ್ದರು; ಆಗ ತ್ರಿಕೋನ ಹೋಗುತ್ತಿತ್ತು, ಆದರೆ ತಂತ್ರಾಂಶ ಕಾಮ್ 3 ಸಿಗಲಿಲ್ಲ ಎನ್ನುತ್ತಿತ್ತು, ಯಾಕೆಂದರೆ ಈಗ ಅದು ಕಾಮ್ 5 ಆಗಿರುತ್ತಿತ್ತು.

ಪ್ರಕರಣ ಗಂಭೀರವಾದದ್ದು ಒಂದು ಮಧ್ಯಾಹ್ನ. ತೋಟವೊಂದರ ರೈಟರ್ (ಲೆಕ್ಕ ಬರೆಯುವವರು) ತಮ್ಮ ನೋಟುಪುಸ್ತಕದಲ್ಲಿ ಪ್ರತಿ ಚೀಲದ ತೂಕವನ್ನೂ ಫಲಕ ನೋಡಿ ಬರೆದುಕೊಳ್ಳುತ್ತಿದ್ದರು. ಚೀಟಿ ಕೈಗೆ ಬಂದಾಗ ಮೊದಲ ಸಾಲನ್ನು ನೋಡಿ, "ಸರ್, ಡಿಸ್‌ಪ್ಲೇಯಲ್ಲಿ ನಲವತ್ತೆಂಟು ಅರುವತ್ತು ಬಂದಿತ್ತು, ಇಲ್ಲಿ ಐವತ್ತೊಂದು ಮೂವತ್ತೈದು ಅಂತ ಇದೆಯಲ್ಲ?" ಎಂದು ಕೇಳಿದರು. 2.75 ಕಿಲೋ ಅವರಿಗೇ ಲಾಭವಾಗಿತ್ತು, ಆದರೂ ಕೇಳಿದರು. ಹಿಂದಿನ ಚೀಟಿಯ ಪ್ರತಿ ತೆಗೆದು ನೋಡಿದಾಗ, ಊಟಕ್ಕೆ ಮುಂಚೆ ಬಂದು ಹೋದ ಮತ್ತೊಬ್ಬ ಬೆಳೆಗಾರರ ಕೊನೆಯ ಚೀಲ ಸರಿಯಾಗಿ 51.35 ಕೆ.ಜಿ. ಇತ್ತು.

ಅಂದರೆ ಕಂಪ್ಯೂಟರು ಹೊಸ ತೂಕವನ್ನು ಓದದೆ ಹಳೆಯದನ್ನೇ ಮತ್ತೊಮ್ಮೆ ಬರೆದಿತ್ತು, ಮತ್ತು ಓದಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಈ ಸಲ ವ್ಯತ್ಯಾಸ ಮಾರಾಟಗಾರರ ಕಡೆ ಬಿದ್ದಿತ್ತು. ಹಿಂದಿನ ವಾರಗಳಲ್ಲಿ ಎಷ್ಟು ಸಲ ಯಾರ ಕಡೆ ಬಿದ್ದಿರಬಹುದು ಎಂಬ ಪ್ರಶ್ನೆಗೆ ಕೇಂದ್ರದ ಬಳಿ ಉತ್ತರವಿರಲಿಲ್ಲ. ವ್ಯವಸ್ಥಾಪಕರು ಅದೇ ಸಂಜೆ ಒಂದು ಒಳ್ಳೆಯ ತೀರ್ಮಾನ ತೆಗೆದುಕೊಂಡರು: ಕಾರಣ ಸಿಗುವವರೆಗೆ ಫಲಕದ ಅಂಕಿಯನ್ನು ಕೈಯಲ್ಲಿ ರಿಜಿಸ್ಟರಿಗೆ ಬರೆಯಬೇಕು, ಚೀಟಿಯನ್ನು ಅದರೊಡನೆ ತಾಳೆ ನೋಡಿಯೇ ಕೊಡಬೇಕು, ಮತ್ತು ತಾಳೆಯಾಗದಿದ್ದರೆ ಹೊತ್ತನ್ನೂ ಬರೆಯಬೇಕು. ಮುಂದೆ ಈ ರಿಜಿಸ್ಟರೇ ತನಿಖೆಗೆ ಆಧಾರವಾಯಿತು.

ಮಾಡಿ ನೋಡಿದ ಪರಿಹಾರಗಳು

ಕೊಡಗಿನಲ್ಲಿ ಯಾವ ವಿದ್ಯುತ್ ಉಪಕರಣ ಕೈಕೊಟ್ಟರೂ ಮೊದಲ ಅನುಮಾನ ಸಿಡಿಲಿನ ಮೇಲೆ ಅಥವಾ ಕರೆಂಟಿನ ಮೇಲೆ, ಮತ್ತು ಮುಂಗಾರಿಗೆ ಮುಂಚಿನ ಗುಡುಗು ಮಳೆಯ ತಿಂಗಳುಗಳಲ್ಲಿ ಆ ಅನುಮಾನ ತಪ್ಪೆಂದು ಹೇಳುವಂತೆಯೂ ಇಲ್ಲ. ಅರ್ಥಿಂಗ್ ಹೊಸದಾಗಿ ಹಾಕಿಸಿದರು. ಕೇಬಲ್ ಬದಲಾಯಿತು. ಅದೇ ಬಗೆಯ ಮತ್ತೊಂದು ಕನ್ವರ್ಟರ್ ಬಂತು. ವಿಂಡೋಸನ್ನು ಅಳಿಸಿ ಮತ್ತೆ ಹಾಕಿದರು. ಒಂದರಿಂದಲೂ ಗುಣ ಕಾಣಲಿಲ್ಲ.

ಆಮೇಲೆ ಬಂದ ತಂತ್ರಜ್ಞರೊಬ್ಬರು ಸರಿಯಾದ ದಿಕ್ಕಿನಲ್ಲಿ ಯೋಚಿಸಿದರು, ಆದರೆ ಅರ್ಧಕ್ಕೆ ನಿಂತರು. ವಿದ್ಯುತ್ ಉಳಿತಾಯದ ಏರ್ಪಾಡಿನಿಂದಲೇ ತೊಂದರೆ ಎಂದು ಊಹಿಸಿ, ಪವರ್ ಆಪ್ಷನ್ಸ್‌ನಲ್ಲಿ ಪರದೆ ಆರುವುದು, ಸ್ಲೀಪ್, ಹೈಬರ್ನೇಟ್ ಎಲ್ಲಕ್ಕೂ 'ಎಂದಿಗೂ ಬೇಡ' ಎಂದು ಕೊಟ್ಟರು. ಬ್ಯಾಟರಿ ತೀರುತ್ತ ಬಂದಾಗ ಏನು ಮಾಡಬೇಕು ಎಂಬಲ್ಲಿಯೂ 'ಏನೂ ಮಾಡಬೇಡ' ಎಂದು ಬದಲಿಸಿದರು. ಯುಎಸ್‌ಬಿಗೆ ಸಂಬಂಧಿಸಿದ ಸಾಲು ಅಡ್ವಾನ್ಸ್‌ಡ್ ಪಟ್ಟಿಯ ಒಳಗೆ ಬೇರೆಯೇ ಇರುತ್ತದೆ, ಅದನ್ನು ಮುಟ್ಟಲಿಲ್ಲ.

ಈ ಬದಲಾವಣೆಯ ಪರಿಣಾಮ ವಿಚಿತ್ರವಾಗಿತ್ತು. ಮರ ಬಿದ್ದು ಇಡೀ ಮಧ್ಯಾಹ್ನ ಕರೆಂಟು ಹೋದ ದಿನ ಯುಪಿಎಸ್ ಬರಿದಾಗಿ ಕಂಪ್ಯೂಟರು ನಡುವೆಯೇ ಸತ್ತಿತು, ತೂಕದ ದತ್ತಾಂಶದ ಕಡತವೊಂದು ಕೆಟ್ಟಿತು. ಆದರೆ ಮರುದಿನ ಬೆಳಿಗ್ಗೆ ತಕ್ಕಡಿ ತಟ್ಟನೆ ಸಿಕ್ಕಿತು. ಕರೆಂಟು ಕೈಕೊಡದ ದಿನಗಳಲ್ಲಿ, ಸಂಜೆ ಶಿಸ್ತಾಗಿ ಶಟ್‌ಡೌನ್ ಮಾಡಿ ಹೋದ ಮೇಲೆ, ಬೆಳಿಗ್ಗೆ ಮತ್ತೆ ಹಳದಿ ತ್ರಿಕೋನ. ಕರೆಂಟು ಹೋಗುವುದೇ ರೋಗ ಎಂದು ಎಲ್ಲರೂ ನಂಬಿದ್ದ ಜಾಗದಲ್ಲಿ ಅದು ಔಷಧದಂತೆ ವರ್ತಿಸುತ್ತಿತ್ತು. ಈ ವಿರೋಧಾಭಾಸವನ್ನು ರಿಜಿಸ್ಟರಿನ ಪುಟದಲ್ಲಿ ಕಂಡ ಮೇಲೆ ನನ್ನನ್ನು ಕರೆದರು.

ಸುಳಿವುಗಳು

ನಾನು ಮೊದಲು ಕೇಳಿದ ಪ್ರಶ್ನೆ ರೀಸ್ಟಾರ್ಟ್ ಬಗ್ಗೆ. ಗುಮಾಸ್ತರು, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಶಟ್‌ಡೌನ್ ಮಾಡಿ ಆನ್ ಮಾಡಿದರೆ ಹೋಗುವುದಿಲ್ಲ, ಆದರೆ ಹೀಗೆಂದರೆ ಯಾರೂ ನಂಬುವುದಿಲ್ಲವೆಂದು ಹೇಳಿರಲಿಲ್ಲ ಎಂದರು. ಪೂರ್ತಿ ಆರಿಸುವುದು ರೀಸ್ಟಾರ್ಟ್‌ಗಿಂತ ದೊಡ್ಡ ಚಿಕಿತ್ಸೆ ಎಂಬುದು ಸಾಮಾನ್ಯ ತಿಳಿವಳಿಕೆ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಈ ತಿಳಿವಳಿಕೆ ತಲೆಕೆಳಗಾಗಿದೆ. ಯಂತ್ರ ಬೇಗ ಏಳಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಚಾಲೂ ಇದ್ದರೆ ಶಟ್‌ಡೌನ್ ಎಂದಾಗ ಬಳಕೆದಾರರ ಕಾರ್ಯಕ್ರಮಗಳು ಮಾತ್ರ ಮುಚ್ಚುತ್ತವೆ. ಕರ್ನಲ್, ಅಂದರೆ ವಿಂಡೋಸಿನ ತಿರುಳು, ಮತ್ತು ಸಾಧನಗಳನ್ನು ನಡೆಸುವ ಡ್ರೈವರ್‌ಗಳ ಸ್ಥಿತಿ ಡಿಸ್ಕಿನ ಹೈಬರ್ನೇಶನ್ ಕಡತದಲ್ಲಿ ಹಾಗೆಯೇ ಉಳಿದು ಮರುದಿನ ಅಲ್ಲಿಂದಲೇ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟ ತೆರೆದು ತೋರಿಸಿದೆ. ದಿನವೂ ಸಂಜೆ ಆರಿಸುವ ಆ ಯಂತ್ರ, ತಾನು ದಿನಗಟ್ಟಲೆಯಿಂದ ಎಡೆಬಿಡದೆ ಚಾಲೂ ಇದ್ದೇನೆ ಎಂದು ಹೇಳುತ್ತಿತ್ತು. ಈವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ ಕರ್ನಲ್-ಬೂಟ್ ಎಂಬ ಮೂಲದ 27ನೇ ಸಂಖ್ಯೆಯ ನಮೂದು ಪ್ರತಿ ಬಾರಿ ಯಂತ್ರ ಎದ್ದ ಬಗೆಯನ್ನು ಬರೆದಿಡುತ್ತದೆ: 0 ಎಂದರೆ ಪೂರ್ಣ ಬೂಟ್, 1 ಎಂದರೆ ಫಾಸ್ಟ್ ಸ್ಟಾರ್ಟಪ್, 2 ಎಂದರೆ ಹೈಬರ್ನೇಶನ್‌ನಿಂದ ಎದ್ದದ್ದು. ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ತಾರೀಖು ಹೋಲಿಸಿದೆವು. ಹಳದಿ ತ್ರಿಕೋನದ ಬೆಳಗುಗಳೆಲ್ಲ 1ರ ಬೆಳಗುಗಳು. ಯುಪಿಎಸ್ ಬರಿದಾಗಿ ಯಂತ್ರ ಸತ್ತ ಮರುದಿನ 0. ಚಾಲೂ ಇದ್ದ ಯಂತ್ರ ಹಠಾತ್ತಾಗಿ ಸತ್ತರೆ ಕರ್ನಲ್ಲಿನ ಸ್ಥಿತಿಯನ್ನು ಉಳಿಸಲು ಅವಕಾಶವೇ ಇರುವುದಿಲ್ಲ, ಹಾಗಾಗಿ ಅದು ವಿಧಿಯಿಲ್ಲದೆ ಹೊಸದಾಗಿ ಏಳುತ್ತದೆ. ಔಷಧದ ರಹಸ್ಯ ಇಷ್ಟೇ.

ಇನ್ನೊಂದು ಸುಳಿವು ಕತ್ತಲಲ್ಲಿ ಸಿಕ್ಕಿತು. ಸಂಜೆ ಕಂಪ್ಯೂಟರ್ ಆರಿಸಿ ಕೋಣೆಯ ದೀಪವನ್ನೂ ಆರಿಸಿದಾಗ ಮೇಜಿನ ಹಿಂದೆ ಕನ್ವರ್ಟರಿನ ಹಸಿರು ದೀಪ ಉರಿಯುತ್ತಲೇ ಇತ್ತು. ಆರಿದ ಕಂಪ್ಯೂಟರಿನ ಪವರ್ ಸಪ್ಲೈ ಕೂಡ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಸದಾ ಕೊಡುತ್ತಿರುತ್ತದೆ, ಮತ್ತು ಹಲವು ಮದರ್‌ಬೋರ್ಡ್‌ಗಳು ಅದನ್ನು ಯುಎಸ್‌ಬಿ ಕಿಂಡಿಗಳಿಗೂ ಹರಿಸುತ್ತವೆ. ಹಾಗಾಗಿ ರಾತ್ರಿಯಿಡೀ ಡ್ರೈವರೂ ಹೊಸದಾಗುತ್ತಿರಲಿಲ್ಲ, ಕನ್ವರ್ಟರಿನೊಳಗಿನ ಚಿಪ್ಪೂ ಹೊಸದಾಗುತ್ತಿರಲಿಲ್ಲ. ಹಿಂದಿನ ದಿನ ಎಲ್ಲಿ ಸಿಕ್ಕಿಕೊಂಡಿತ್ತೋ ಅಲ್ಲಿಯೇ ಬೆಳಗಾಗುತ್ತಿತ್ತು.

ಒಳಗೆ ನಡೆಯುತ್ತಿದ್ದುದು

ಹಿಂದಿನ ದಿನ ಅದು ಸಿಕ್ಕಿಕೊಳ್ಳುತ್ತಿದ್ದುದಾದರೂ ಏಕೆ ಎಂಬುದು ಉಳಿದ ಪ್ರಶ್ನೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಪಿಎಂ ಎಂಬ ಪದ್ಧತಿಯಲ್ಲಿ ವಿದ್ಯುತ್ ನಿರ್ವಹಣೆಯ ಯಜಮಾನಿಕೆ ಮದರ್‌ಬೋರ್ಡಿನಲ್ಲೇ ಬರೆದಿಟ್ಟ ತಂತ್ರಾಂಶವಾದ ಬಯಾಸ್‌ನದ್ದಾಗಿತ್ತು. ಯಾವ ಕಾರ್ಡಿಗೆ ಯಾವ ಐಆರ್‌ಕ್ಯೂ ಎಂಬುದು ಬಹುಪಾಲು ಪುಟ್ಟ ಕೊಂಡಿಗಳಾದ ಜಂಪರ್‌ಗಳನ್ನು ಕೂರಿಸುವ ಕೈಗಳ ಕೆಲಸವಾಗಿತ್ತು. ಇವೆರಡೂ ಬೇರೆ ಬೇರೆ ಲೋಕಗಳು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ ನಿರ್ದಿಷ್ಟತೆ ಎರಡನ್ನೂ ಒಂದೇ ಸೂರಿನಡಿ ತಂದು ಕಾರ್ಯಾಚರಣ ವ್ಯವಸ್ಥೆಯ ಕೈಗೆ ಒಪ್ಪಿಸಿತು. 2013ರಿಂದ ಅದರ ಪಾಲನೆ ಬಯಾಸ್‌ನ ಜಾಗಕ್ಕೆ ಬಂದ ವ್ಯವಸ್ಥೆಯ ಮಾನದಂಡ ನೋಡಿಕೊಳ್ಳುವ ಯುಇಎಫ್‌ಐ ವೇದಿಕೆಯದ್ದು. ಮದರ್‌ಬೋರ್ಡಿನ ಆ ತಂತ್ರಾಂಶ, ಅಂದರೆ ಫರ್ಮ್‌ವೇರ್, ಈಗ ಸಾಧನಗಳ ವಿವರವನ್ನೂ ಅವುಗಳನ್ನು ಮಲಗಿಸಿ ಎಬ್ಬಿಸುವ ವಿಧಾನವನ್ನೂ ಕೋಷ್ಟಕಗಳಲ್ಲಿ ಬರೆದಿಟ್ಟು ಹಿಂದೆ ಸರಿಯುತ್ತದೆ. ಓದಿ ತೀರ್ಮಾನಿಸುವುದು ಕಾರ್ಯಾಚರಣ ವ್ಯವಸ್ಥೆ. ಪೂರ್ತಿ ಎಚ್ಚರದಿಂದ ಪೂರ್ತಿ ಆರಿದ್ದರವರೆಗೆ ಇಡೀ ಯಂತ್ರಕ್ಕೆ ಎಸ್0ಯಿಂದ ಎಸ್5ರವರೆಗೆ, ಒಂದೊಂದು ಸಾಧನಕ್ಕೆ ಡಿ0ಯಿಂದ ಡಿ3ರವರೆಗೆ ಸ್ಥಿತಿಗಳಿವೆ. ಯಂತ್ರ ಪೂರ್ತಿ ಎಚ್ಚರವಾಗಿ ಎಸ್0ಯಲ್ಲಿ ಇರುವಾಗಲೇ ಯಾವುದೋ ಒಂದು ಸಾಧನವನ್ನು ಮಲಗಿಸಲು ಅಡ್ಡಿಯಿಲ್ಲ. ಪರದೆ, ಸ್ಲೀಪ್, ಹೈಬರ್ನೇಟ್ ಮಾತ್ರ ನಿಲ್ಲಿಸಿದ ತಂತ್ರಜ್ಞರ ಕಣ್ಣಿಗೆ ಬೀಳದೆ ಹೋದದ್ದು ಇದೇ.

ಯುಎಸ್‌ಬಿ ಸಾಧನ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ: ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಇದ್ದರೆ ಸರಣಿ ಸಂಖ್ಯೆ. ಕೇಂದ್ರದಲ್ಲಿದ್ದ ಅಗ್ಗದ ಕನ್ವರ್ಟರಿನಲ್ಲಿ ಸರಣಿ ಸಂಖ್ಯೆ ಇರಲಿಲ್ಲ. ಸರಣಿ ಸಂಖ್ಯೆ ಇಲ್ಲದ ಸಾಧನವನ್ನು ವಿಂಡೋಸ್ ಅದು ಕೂತ ಕಿಂಡಿಯ ಮೇಲಿಂದ ಗುರುತಿಡುತ್ತದೆ. ಕಿಂಡಿ ಬದಲಾದರೆ ಅದರ ಲೆಕ್ಕದಲ್ಲಿ ಅದು ಹೊಸ ಸಾಧನ, ಹೊಸ ಕಾಮ್ ಸಂಖ್ಯೆ. ಕಾಮ್ 3 ಕಾಮ್ 5 ಆದದ್ದು ಹೀಗೆ.

ಇನ್ನು ನಿದ್ರೆಯ ವಿಷಯ. ಯುಎಸ್‌ಬಿ ತಂತಿಯಲ್ಲಿ 3 ಮಿಲಿಸೆಕೆಂಡು ಯಾವ ಸಂಚಾರವೂ ಇಲ್ಲದಿದ್ದರೆ ಸಾಧನ ಸಸ್ಪೆಂಡ್ ಸ್ಥಿತಿಗೆ ಇಳಿಯಲೇಬೇಕು ಎಂಬುದು ಯುಎಸ್‌ಬಿ ನಿರ್ದಿಷ್ಟತೆಯ ನಿಯಮ. ಎಚ್ಚರವಿರುವ ಕಂಪ್ಯೂಟರು ತಂತಿಯನ್ನು ಸುಮ್ಮನೆ ಬಿಡುವುದಿಲ್ಲ, ಆದರೆ ಬಳಕೆಯಲ್ಲಿಲ್ಲದ ಸಾಧನವಿರುವ ಕಿಂಡಿಯೊಂದನ್ನೇ ಆರಿಸಿ ಮೌನಗೊಳಿಸಬಲ್ಲದು. ಸೆಲೆಕ್ಟಿವ್ ಸಸ್ಪೆಂಡ್ ಎಂದರೆ ಅದೇ. ತೂಕದ ತಂತ್ರಾಂಶ ಪ್ರತಿ ಚೀಲಕ್ಕೂ ಪೋರ್ಟನ್ನು ತೆರೆದು, ಓದಿ, ಮುಚ್ಚುತ್ತಿತ್ತು. ಮುಚ್ಚಿದ ಪೋರ್ಟು ಕೆಲಸವಿಲ್ಲದ ಪೋರ್ಟು ಎಂದು ಡ್ರೈವರ್ ತಿಳಿಯುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಕನ್ವರ್ಟರನ್ನು ಮಲಗಿಸುತ್ತಿತ್ತು. ಸಾಲುಗಟ್ಟಿ ಚೀಲಗಳು ಬರುವಾಗ ಮಲಗಲು ಸಮಯವೇ ಇರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ತಾಳೆ ತಪ್ಪಿದ ನಮೂದುಗಳೆಲ್ಲ ಊಟದ ನಂತರ, ಕಾಫಿ ವಿರಾಮದ ನಂತರ, ಅಥವಾ ಪಿಕಪ್ ಬಾರದೆ ಕಾದು ಕುಳಿತ ಹೊತ್ತಿನ ನಂತರದ ಮೊದಲ ಚೀಲದವು ಎಂಬುದು ಇದಕ್ಕೆ ಸರಿಯಾಗಿ ಹೊಂದುತ್ತಿತ್ತು.

ಮಲಗಿದ ಸಾಧನವನ್ನು ಎಬ್ಬಿಸುವ ಸಂಕೇತಕ್ಕೆ ಕನಿಷ್ಠ 20 ಮಿಲಿಸೆಕೆಂಡು, ಚೇತರಿಸಿಕೊಳ್ಳಲು ಇನ್ನು 10. ಆಮೇಲೆ ಡ್ರೈವರ್ ಸಂಪರ್ಕದ ವೇಗವನ್ನು ಮತ್ತೆ ಹೊಂದಿಸಬೇಕು, ಆಮೇಲೆ ತಕ್ಕಡಿಯ ಒಂದು ಸಂದೇಶ ತಲೆಯಿಂದ ಬಾಲದವರೆಗೆ ಪೂರ್ತಿ ಬರಬೇಕು. ತಂತ್ರಾಂಶ ಅಷ್ಟು ಹೊತ್ತು ಕಾಯುತ್ತಿರಲಿಲ್ಲ. ಕಾದ ಅವಧಿ ಮೀರಿದಾಗ ದೋಷವನ್ನು ತೋರಿಸುವ ಬದಲು ಸ್ಮರಣೆಯಲ್ಲಿ ಉಳಿದಿದ್ದ ಹಿಂದಿನ ಅಂಕಿಯನ್ನೇ ದಾಖಲಿಸುತ್ತಿತ್ತು. ಕೆಲವೊಮ್ಮೆ ಎಬ್ಬಿಸುವ ಯತ್ನವೇ ವಿಫಲವಾಗಿ ಡ್ರೈವರ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಮತ್ತು ಆ ಸ್ಥಿತಿ ಫಾಸ್ಟ್ ಸ್ಟಾರ್ಟಪ್ ಮೂಲಕ ಮರುದಿನಕ್ಕೂ ಸಾಗುತ್ತಿತ್ತು.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದು ಒಳ್ಳೆಯದು. ಸಾಧನವನ್ನು ಮಲಗಿಸಿದ ಕಾರ್ಯಾಚರಣ ವ್ಯವಸ್ಥೆ ತನ್ನ ಕೆಲಸ ಮಾಡಿದೆ. ಅಗ್ಗದ ಕನ್ವರ್ಟರ್ ಏಳಲು ತಡ ಮಾಡಿದ್ದು ಸಹಿಸಬಹುದಾದ ಕೊರತೆ. ಓದದ ತೂಕವನ್ನು ಓದಿದಂತೆ ಬರೆದದ್ದು ಮಾತ್ರ ಅಕ್ಷಮ್ಯ. ವಿದ್ಯುತ್ ನಿರ್ವಹಣೆ ಇಲ್ಲದಿದ್ದರೂ ಒಂದಲ್ಲ ಒಂದು ದಿನ ಕೇಬಲ್ ಸಡಿಲವಾದಾಗ ಅದೇ ತಪ್ಪು ಚೀಟಿ ಹೊರಬರುತ್ತಿತ್ತು. ಆದ್ದರಿಂದ ಎಲ್ಲ ಉಳಿತಾಯವನ್ನೂ ನಿಲ್ಲಿಸಿಬಿಡಿ ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ.

ತೆಗೆದುಕೊಂಡ ತೀರ್ಮಾನಗಳು

ಮೊದಲ ಬದಲಾವಣೆ ತಂತ್ರಾಂಶದಲ್ಲಿ ಆಗಬೇಕೆಂದು ಪಟ್ಟು ಹಿಡಿದೆವು. ಅದನ್ನು ಬರೆದವರು ಆರಂಭದಲ್ಲಿ, ಬೇರೆ ಗ್ರಾಹಕರಲ್ಲಿ ಈ ತೊಂದರೆ ಇಲ್ಲ ಎಂದರು. ರಿಜಿಸ್ಟರಿನ ಪುಟಗಳನ್ನು ಕಳುಹಿಸಿದ ಮೇಲೆ ಒಪ್ಪಿದರು. ಈಗ ಗುಂಡಿ ಒತ್ತಿದ ಕೂಡಲೇ ತೂಕದ ಚೌಕ ಖಾಲಿಯಾಗುತ್ತದೆ, ಪೂರ್ತಿ ಸಂದೇಶ ಬಂದರೆ ಮಾತ್ರ ತುಂಬುತ್ತದೆ, ಬಾರದಿದ್ದರೆ ಮತ್ತೊಮ್ಮೆ ಯತ್ನಿಸಿ ಕೊನೆಗೆ ದೋಷವೆಂದು ತೋರಿಸುತ್ತದೆ. ಖಾಲಿ ಚೌಕವನ್ನು ದಾಖಲಿಸಲು ಅದು ಬಿಡುವುದಿಲ್ಲ.

ಈ ಬದಲಾವಣೆ ಬಂದ ಮೇಲೆ, ಉಳಿದ ಯಾವುದನ್ನೂ ಮುಟ್ಟದೆ ಕೆಲವು ದಿನ ನೋಡಿದೆವು. ಇದು ಬೇಕೆಂದೇ ಮಾಡಿದ್ದು, ಏಕೆಂದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ತಪ್ಪು ಚೀಟಿ ನಿಂತಿತು. ಅದರ ಜಾಗದಲ್ಲಿ ವಿರಾಮದ ನಂತರದ ಮೊದಲ ಚೀಲಕ್ಕೆ ಆಗಾಗ ದೋಷದ ಸೂಚನೆ ಬಂತು, ಬೆಳಗಿನ ಹಳದಿ ತ್ರಿಕೋನವೂ ಉಳಿಯಿತು. ಆಮೇಲೆ ಫಾಸ್ಟ್ ಸ್ಟಾರ್ಟಪ್ ಒಂದನ್ನೇ ತೆಗೆದೆವು. ಬೆಳಗಿನ ತ್ರಿಕೋನ ಮಾಯವಾಯಿತು, ಯಂತ್ರ ಏಳಲು ಹಿಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯತೊಡಗಿತು, ಅದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಫಾಸ್ಟ್ ಸ್ಟಾರ್ಟಪ್ ತೆಗೆಯಲು ಇಷ್ಟವಿಲ್ಲದವರು ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಿದರೂ ಆ ಒಂದು ಬಾರಿಗೆ ಪೂರ್ಣ ಶಟ್‌ಡೌನ್ ಆಗುತ್ತದೆ, ಆದರೆ ಸಂಜೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ನೆನಪಿಡಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ಕೊನೆಗೆ ಸೆಲೆಕ್ಟಿವ್ ಸಸ್ಪೆಂಡ್. ಈ ಮೇಜಿನ ಕಂಪ್ಯೂಟರಿನಲ್ಲಿ ಒಂದು ಕನ್ವರ್ಟರ್ ಉಳಿಸುವ ವಿದ್ಯುತ್ತು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಆದ್ದರಿಂದ ಅದನ್ನು ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ನಿಲ್ಲಿಸಿದೆವು. ಪರದೆ ಆರುವುದನ್ನೂ, ಬ್ಯಾಟರಿ ಇಳಿದಾಗ ಹೈಬರ್ನೇಟ್ ಆಗುವುದನ್ನೂ ಮೊದಲಿನಂತೆ ಮತ್ತೆ ಜಾರಿಗೆ ತಂದೆವು. ಮರ ಬಿದ್ದ ದಿನ ಕಡತ ಕೆಟ್ಟದ್ದು ಆ ರಕ್ಷಣೆಯನ್ನು ಕಿತ್ತುಹಾಕಿದ್ದರಿಂದಲೇ. ಸರಣಿ ಸಂಖ್ಯೆಯುಳ್ಳ ಕನ್ವರ್ಟರ್ ತರಿಸಿ, ಪೋರ್ಟಿನ ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಅದಕ್ಕೆ ಕಾಮ್ 3 ಎಂದು ಖಾಯಂ ಮಾಡಿದೆವು. ಈಗ ಯಾವ ಕಿಂಡಿಗೆ ಚುಚ್ಚಿದರೂ ಅದು ಕಾಮ್ 3.

ಲಿನಕ್ಸ್‌ಗೆ ಬದಲಾಯಿಸಿದರೆ ಹೇಗೆ ಎಂಬ ಮಾತೂ ಬಂದಿತ್ತು. ಲಿನಕ್ಸ್ ಕರ್ನಲ್, ಒಂದು ಕಿಂಡಿಯನ್ನು ಹಲವಾಗಿ ಕವಲೊಡೆಸುವ ಹಬ್‌ಗಳನ್ನು ಬಿಟ್ಟು ಉಳಿದ ಯುಎಸ್‌ಬಿ ಸಾಧನಗಳನ್ನು ಸಾಮಾನ್ಯವಾಗಿ ತಾನಾಗಿ ಮಲಗಿಸುವುದಿಲ್ಲ. ಸರಿಯಾಗಿ ಏಳದ ಸಾಧನಗಳು ಬಹಳ ಇರುವುದರಿಂದ ಅದನ್ನು ಬಳಕೆದಾರರ ಆಯ್ಕೆಗೆ ಬಿಟ್ಟಿದ್ದಾರೆ. ಆದರೂ ತೂಕದ ತಂತ್ರಾಂಶ ವಿಂಡೋಸ್‌ನದ್ದಾದ ಕಾರಣ ಆ ಮಾತು ಮುಂದುವರಿಯಲಿಲ್ಲ.

ಎರಡನೆಯ ಯಂತ್ರ

ಅದೇ ಸಂಸ್ಥೆ ಒಂದು ಲ್ಯಾಪ್‌ಟಾಪ್ ಮತ್ತು ಸಣ್ಣ ತಕ್ಕಡಿಯನ್ನು ಜೀಪಿನಲ್ಲಿ ಹಾಕಿಕೊಂಡು ತೋಟಗಳಿಗೇ ಹೋಗಿ ಖರೀದಿಸುತ್ತದೆ. ಕೇಂದ್ರದಲ್ಲಿ ಫಲ ಕೊಟ್ಟ ಹೊಂದಾಣಿಕೆಗಳನ್ನು ಇಲ್ಲಿಗೂ ಹಾಗೆಯೇ ನಕಲು ಮಾಡಬೇಕೆಂದು ವ್ಯವಸ್ಥಾಪಕರು ಕೇಳಿದರು. ಕಣದ ಬದಿಯಲ್ಲಿ ಪ್ಲಗ್ ಇರುವುದಿಲ್ಲ, ಬ್ಯಾಟರಿ ಸಂಜೆಯವರೆಗೆ ಬರಬೇಕು, ಎರಡು ಚೀಲಗಳ ನಡುವೆ ಮಾತುಕತೆ ಉದ್ದವಾಗಿರುತ್ತದೆ. ಹಾಗಾಗಿ ಅಲ್ಲಿ ಸೆಲೆಕ್ಟಿವ್ ಸಸ್ಪೆಂಡನ್ನು ಇದ್ದಂತೆಯೇ ಬಿಟ್ಟೆವು. ತಂತ್ರಾಂಶ ಕಾಯುವ ಅವಧಿಯನ್ನು ಹೆಚ್ಚಿಸಿದೆವು, ಫಾಸ್ಟ್ ಸ್ಟಾರ್ಟಪ್ ತೆಗೆದೆವು, ಸರಣಿ ಸಂಖ್ಯೆಯ ಕನ್ವರ್ಟರನ್ನೇ ಕೊಟ್ಟೆವು. ವಿರಾಮದ ನಂತರದ ಮೊದಲ ಚೀಲಕ್ಕೆ ಅಂಕಿ ಬರುವುದು ಒಂದು ಕ್ಷಣ ತಡವಾಗುತ್ತದೆ, ಅಷ್ಟು ಹೊತ್ತು ಚೌಕ ಖಾಲಿ ಇರುತ್ತದೆ. ಕೈಬರಹದ ರಿಜಿಸ್ಟರನ್ನು ಕೇಂದ್ರದಲ್ಲಿ ಆ ಹಂಗಾಮಿನ ಕೊನೆಗೆ ನಿಲ್ಲಿಸಿದರು. ಜೀಪಿನ ಖರೀದಿಗೆ ಅದನ್ನು ಇನ್ನೊಂದು ಹಂಗಾಮು ಮುಂದುವರಿಸುವುದೆಂದು ತೀರ್ಮಾನವಾಯಿತು.